ಸುತ್ತಿನ ಸಹಿ

ಹಾರಂಗಿ
ಜುಲೈ ೧೪, ೨೦೨೫

ದಿವ್ಯಾ,

ನಿನ್ನ ಮೇಲ್ ಓದಿದೆ. ಫೋನಲ್ಲೇ ಉತ್ತರಿಸಬಹುದಿತ್ತು. ಆದರೆ ಅಲ್ಲಿ ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ. ಪೆನ್ನಲ್ಲಿ ಬರೆದರೆ ಹೊಡೆದುಹಾಕಿದ್ದೂ ಕಾಣುತ್ತದೆ, ಇರಲಿ ಅಂತ ಕಾಗದ ಹಿಡಿದೆ. ಮಗಳು ಚಿಕ್ಕಿಗೆ ಐದು ತಿಂಗಳು. ನಾನು ಒಟ್ಟಿಗೆ ಎರಡು ಗಂಟೆ ನಿದ್ದೆ ಮಾಡಿಯೂ ಅಷ್ಟೇ ಆಯಿತು. ಅಕ್ಷರ ಓಲಾಡಿದರೆ ಬೈಯಬೇಡ.

ಸರ್ಕಾರದ ಪ್ರತಿ ಮಸೂದೆ, ಅದಕ್ಕೆ ಬಂದ ಆಕ್ಷೇಪಣೆ, ಕೊನೆಗೆ ಬದಲಾದ ಸಾಲು, ಎಲ್ಲವನ್ನೂ ನಿಮ್ಮ ಸಂಸ್ಥೆಯವರು ಜನ ನೋಡುವಂತೆ ವೆಬ್‌ಸೈಟಿನಲ್ಲಿ ಇಡುತ್ತೀರಿ. ಅದರಿಂದ ನಮ್ಮೂರಿಗೆ ಏನು ಉಪಯೋಗವಾಯಿತು ಅಂತ ನಿಮ್ಮ ವಾರ್ಷಿಕ ಪುಸ್ತಕಕ್ಕೆ ಅರ್ಧ ಪುಟ ಕೇಳಿದ್ದೀಯ. 'ಕೊಡಗಿನಿಂದ ಒಂದು ಒಳ್ಳೆ ಸುದ್ದಿ ಬೇಕು ಕಣೇ' ಅಂತ. ತಗೋ.

ಜಲಾಶಯದ ಅಂಚಿನಿಂದ ಇನ್ನೂರು ಮೀಟರಿನೊಳಗೆ ಮನೆ, ಅಂಗಡಿ ಇರಕೂಡದು, ರೆಸಾರ್ಟುಗಳಿಗೆ ಮಾತ್ರ ವಿನಾಯಿತಿ ಅನ್ನುವ ಮಸೂದೆಯನ್ನು ನಾನು ಮಾರ್ಚಿನಲ್ಲಿ ನೋಡಿದ್ದು ನಿಮ್ಮಲ್ಲೇ. ಬಾಣಂತನಕ್ಕೆ ಅಮ್ಮನ ಮನೆಗೆ ಬಂದವಳು ಇನ್ನೂ ಇಲ್ಲೇ ಇದ್ದೇನೆ. ಹಿನ್ನೀರಿನ ಬದಿಯ ಈ ಮನೆ, ಅದರ ಮುಂದಿನ ಟೀ ಅಂಗಡಿ, ಎರಡೂ ಇನ್ನೂರು ಮೀಟರಿನೊಳಗೇ. ಅಂಗಡಿ ಮುಂದೆ ಊರವರನ್ನು ಸೇರಿಸಿ ಓದಿ ಹೇಳಿದೆ. ಊರಿನ ಹಿರಿಯರು ಕೃಷ್ಣಪ್ಪ ಮಾವ ನಕ್ಕರು. 'ಕಾನೂನು ಮಾಡೋರು ನಮ್ಮನ್ನ ಕೇಳಿ ಮಾಡ್ತಾರೇನವ್ವ?' 'ಮೂವತ್ತು ದಿನ ಆಕ್ಷೇಪಣೆ ಕೇಳ್ತಾರೆ ಮಾವ' ಅಂದೆ. ಎಷ್ಟು ಜಂಬ ನನಗೆ!

ನಮ್ಮೂರಲ್ಲಿ ದೂರು ಬರೆದರೆ ಸಾಲಾಗಿ ಸಹಿ ಹಾಕುವುದಿಲ್ಲ. ಒಕ್ಕಣೆಯ ಸುತ್ತ ಬಳೆಯ ಹಾಗೆ ಹಾಕುತ್ತೇವೆ. ಯಾರು ಮೊದಲು ಅಂತ ಗೊತ್ತಾಗಬಾರದು. ಹುಡುಕಿಕೊಂಡು ಬರುವವರು ಮೊದಲ ಹೆಸರನ್ನೇ ಹಿಡಿಯುವುದಲ್ಲವೇ? ಕಾಫಿ ಕುಯ್ಯಲು ಹೋಗುವ ಕಾಳಿ ಹೆಬ್ಬೆಟ್ಟು ಒತ್ತಿ, 'ಇದನ್ನ ಯಾವ ಸಾಹೇಬ ಓದಾನು, ನೋಡಾಣ' ಅಂತ ಎಲ್ಲರನ್ನೂ ನಗಿಸಿದಳು. ನಾವೆಲ್ಲ ಸೇರಿ ನೂರ ನಲವತ್ತು ಜನ. ಆ ಹಾಳೆಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು.

ಜೂನ್‌ನಲ್ಲಿ ಮಸೂದೆ ಪಾಸಾಯಿತು. ನೀವು ಹಾಕಿದ ಪಟ್ಟಿಯಲ್ಲಿ ನಮ್ಮ ಸಾಲು ಹೀಗಿತ್ತು: ಆಕ್ಷೇಪಣೆ, ಒಂದು. ಅರ್ಜಿದಾರರ ಹೆಸರು, ಇಲ್ಲ. ಪರಿಗಣಿಸಿಲ್ಲ. ಅದರ ಕೆಳಗೆ ರೆಸಾರ್ಟಿನವರ ಬೆಂಬಲ ಪತ್ರಗಳು ಮೂವತ್ತೆಂಟು. ಎಲ್ಲದರಲ್ಲೂ ಒಂದೇ ಒಕ್ಕಣೆ, ಬೇರೆ ಬೇರೆ ಹೆಸರು. ಅವೆಲ್ಲ ಲೆಕ್ಕಕ್ಕೆ ಬಂದಿವೆ.

ಒಬ್ಬೊಬ್ಬರೂ ಬೇರೆಯಾಗಿ, ಹೆಸರು ವಿಳಾಸ ಕೊಟ್ಟು ಬರೆಯಬೇಕು ಅಂತ ನಿಮ್ಮ ಸಹಾಯದ ಪುಟದಲ್ಲಿ ಇತ್ತಂತೆ. ಅಷ್ಟು ಕೆಳಗೆ ಇಟ್ಟರೆ ಯಾರ ಕಣ್ಣಿಗೆ ಬೀಳಬೇಕು ದಿವ್ಯಾ? ಒಂದು ತಿಂಗಳ ಬಾಣಂತಿ ಫೋನಲ್ಲಿ ಎಷ್ಟು ಅಂತ ಓದಬೇಕು? ಊರಿಗೆ ಬಂದು ಒಂದು ಸಲ ಹೇಳಬಹುದಿತ್ತಲ್ಲ ನೀವು.

ಕಳೆದ ವಾರ ಅಮ್ಮನಿಗೆ ನೋಟಿಸು ಬಂತು. ಮನೆ, ಅಂಗಡಿ ತೆರವು ಮಾಡಲು ಅರವತ್ತು ದಿನ. ಕೃಷ್ಣಪ್ಪ ಮಾವ ಈಗ ಟೀಗೆ ಬಂದರೆ ನನ್ನತ್ತ ನೋಡುವುದಿಲ್ಲ. 'ಓದಿದ ಹುಡ್ಗಿ ಜೊತೇಲಿದ್ಲು ಅಂತ ನಂಬ್ಕಂಡ್ವಿ' ಅಂತ ಅಮ್ಮನಿಗೆ ಅಂದರಂತೆ. ನನ್ನ ಗಂಡ ಶಶಿಕುಮಾರ್ ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ ಮಾಡುವುದು ನಿನಗೆ ಗೊತ್ತಲ್ಲ. ಏಪ್ರಿಲ್‌ನಲ್ಲಿ ಗುತ್ತಿಗೆ ಮುಂದುವರಿಯಿತು. 'ಅತ್ತೆ ನಮ್ಮನೇಲೇ ಇರ್ಲಿ ಬಿಡು, ಮಗುಗೂ ಆಸರೆ' ಅನ್ನುತ್ತಾರೆ. ಒಳ್ಳೆಯವರೇ. ಅವರು ಹಾಗಂದಾಗಲೆಲ್ಲ ನನಗೆ ಊಟ ಸೇರುವುದಿಲ್ಲ.

ಇದೇ ನಿನ್ನ ಅರ್ಧ ಪುಟ. ಒಳ್ಳೆ ಸುದ್ದಿಯಾಗಿ ತಿದ್ದಬೇಡ. ಹಾಕುವುದಾದರೆ ಹೀಗೇ ಹಾಕು.

ನಿನ್ನ ಹಾಸ್ಟೆಲ್ ರೂಮಿನವಳು,
ತೇಜಸ್ವಿನಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಸಹಾಯದ ಪುಟವನ್ನು ಮಾರ್ಚಿನಲ್ಲೇ ಕೊನೆಯ ಸಾಲಿನವರೆಗೂ ಓದಿದ್ದೆ. ಬೇರೆ ಬೇರೆ ಬರೆಯಿರಿ ಅಂದಿದ್ದರೆ 'ಮೊದ್ಲು ನೀನೇ ಬರಿ' ಅನ್ನುತ್ತಿದ್ದರು. ಶಶಿ ಆಗ, 'ಊರೋರೆಲ್ಲ ಬರೀಲಿ, ನಿನ್ನ ಹೆಸರು ಮಾತ್ರ ಎಲ್ಲೂ ಬರ್ಬಾರ್ದು, ಗುತ್ತಿಗೆ ಹೋಗುತ್ತೆ' ಅಂದಿದ್ದರು. ಹಾಗಾಗಿ ಊರವರು ಸುತ್ತಿನ ಸಹಿಗೆ ಕೂತಾಗ ಸುಮ್ಮನಿದ್ದೆ. ಸಹಿಗಳು ನೂರ ನಲವತ್ತಲ್ಲ, ನೂರ ಮೂವತ್ತೊಂಬತ್ತು. ಕಾಳಿಯ ಹೆಬ್ಬೆಟ್ಟಿಗೂ ಅಮ್ಮನ ಸಹಿಗೂ ನಡುವೆ ಅಮ್ಮ ನನಗೆ ಅಂತ ಜಾಗ ಬಿಟ್ಟಿದ್ದರು. 'ಮಗು ಅಳ್ತಿದೆ, ಆಮೇಲೆ ಹಾಕ್ತೀನಿ' ಅಂದಿದ್ದೆ. ನೀವು ಆ ಹಾಳೆಯ ಚಿತ್ರವನ್ನೂ ಹಾಕಿದ್ದೀರಲ್ಲ, ನಿನ್ನೆ ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ತುಂಬಾ ಹೊತ್ತು ನೋಡಿದರು. ಚಿಕ್ಕಿಯನ್ನು ನನ್ನ ಕೈಗೆ ಕೊಟ್ಟು ಅಂಗಡಿ ಬಾಗಿಲು ತೆಗೆಯಲು ಹೋದರು.