ಗೋಡೆಯ ಮೇಲಿನ ಬೊಟ್ಟು

ಸತ್ತೇಗಾಲ
೧೨-೩-೧೯೯೮

ತೀರ್ಥರೂಪು ಅಪ್ಪನಿಗೆ,

ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಕಾಗದವನ್ನೆಲ್ಲ ನರ್ಸಮ್ಮನ ಕೈಲೇ ಓದಿಸಿಕೋ.

ನೀನು ಒಪ್ಪಿಕೊಂಡಿದ್ದ ಸೋಪಿನ ಜಾಹೀರಾತನ್ನು ಬಸ್‌ಸ್ಟಾಪಿನ ಗೋಡೆಗೆ ನಾನೇ ಬರೆದೆ. ಅಕ್ಷರ ಸಲೀಸಾಗಿ ಬಂತು. ಆದರೆ ಕಂಪನಿ ಕೊಟ್ಟ ಚಿತ್ರದಲ್ಲಿದ್ದ ಪೇಟೆ ಹುಡುಗಿಯ ಮುಖ ಎಷ್ಟು ತಿದ್ದಿದರೂ ಅವ್ವನ ಮುಖವೇ ಆಯಿತು. ಈಗಿನ ಫ್ಯಾಷನ್ನಿನಂತೆ ಆ ಹುಡುಗಿಗೆ ಬೊಟ್ಟಿರಲಿಲ್ಲ. ನಾನೂ ಇಡಲಿಲ್ಲ.

ಅವ್ವ ನೋಡಿದವಳೇ, "ನಿಮ್ಮಪ್ಪ ಅಲ್ಲಿ ಆಸ್ಪತ್ರೇಲವ್ರೆ, ನೀನಿಲ್ಲಿ ನನ್ನ ಅಣೆ ಬರಿದು ಮಾಡಿದ್ದೀಯಲ್ಲೇ!" ಎಂದು ರೇಗಿ, ಏಣಿ ಹತ್ತಿ, ಹಸಿ ಬಣ್ಣದ ಮೇಲೆ ಕುಂಕುಮ ಇಟ್ಟೇಬಿಟ್ಟಳು. ಆಗಷ್ಟೇ ಬಂದು ನಿಂತ ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಹೋದ ವಾರ ಕಂಪನಿಯ ಜೀಪು ಬಂದಾಗ, ಕೆಲಸ ಕೈತಪ್ಪಿತು ಎಂದುಕೊಂಡೆ. ಸಾಹೇಬರು ಬಹಳ ಹೊತ್ತು ನೋಡಿ ನಕ್ಕರು. ಹನೂರಿನವರೆಗೆ ಎಲ್ಲ ಗೋಡೆಗೂ ಇದೇ ಮುಖ, ಇದೇ ಬೊಟ್ಟು ಬರಬೇಕಂತೆ! ಅವ್ವ ನಾಚಿಕೊಂಡು, ಈಗ ಮುಖಕ್ಕೆ ಸೆರಗು ಮುಚ್ಚಿಕೊಂಡೇ ಬಸ್ಸು ಹತ್ತುತ್ತಾಳೆ.

ಡಿಸ್ಚಾರ್ಜಾದ ಮೇಲೆ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕೂತು ಬಾ. ಬಣ್ಣ ಬೇಕಾದಷ್ಟಿದೆ, ತರಬೇಡ. ಮೈಸೂರಿನಿಂದ ಕುಂಕುಮ ಮಾತ್ರ ಜಾಸ್ತಿ ತಾ. ಯಾವ ಗೋಡೆಗೂ ನನ್ನ ಕೈಲಿ ಬೊಟ್ಟು ಇಡಿಸುವುದಿಲ್ಲವಂತೆ ಅವ್ವ. ಹನೂರಿನವರೆಗೂ ಏಣಿಯ ಜೊತೆ ತಾನೇ ಬರುತ್ತಾಳಂತೆ.

ನಿನ್ನ ಕುಂಚ ಹಿಡಿದಿರುವ ಮಗಳು,
ಮಂಗಳ