ಗಯ್ಯಾಳಿ ಗೋಳವಾದಳು

ಮಾರ್ಚ್ ೧೧

ಪ್ರೀತಿಯ ಮೊಂಡನಿಗೆ,

ಕ್ಷೇಮವೆಂದು ನಂಬಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ವಾರವಾರ ಫೋನಿನಲ್ಲಿ ಕಿವಿ ಕಾಯುವಷ್ಟು ಮಾತಾಡುವವಳು ಕಾಗದ ಬರೆದಿದ್ದಾಳೆಂದರೆ ಏನೋ ಇದೆ ಅಂತ ಲಕೋಟೆ ಕಂಡಾಗಲೇ ನಿನಗೆ ಅನ್ನಿಸಿರುತ್ತದೆ. ಇದೆ. ಹೋದ ಭಾನುವಾರವೇ ಹೇಳಬೇಕಿತ್ತು, ತಡ ಮಾಡಿದ್ದಕ್ಕೆ ಬೈದುಕೊ. ನೀನು ಫೋನ್ ಮಾಡಿದವನೇ ಸಮ್ಮೇಳನದ ಉಪನ್ಯಾಸಕ್ಕೆ ಚಿತ್ರಗಳೆಲ್ಲ ಸಿದ್ಧವಾದವು ಅಂದೆ, "ಈ ಸಲ ಗಯ್ಯಾಳಿ ಗೋಳ ಅಲ್ಲ ಅನ್ನೋದಕ್ಕೆ ಎಂಥಾ ಪುರಾವೆ ಕೊಡ್ತೀನಿ ನೋಡ್ತಿರು" ಅಂದೆ. ನಿನ್ನ ದನಿಯಲ್ಲಿ ಅಂಥ ಹುರುಪು ಕೇಳಿ ಬಹಳ ಕಾಲವಾಗಿತ್ತು. ನನಗೆ ಬೇಗ ಫೋನ್ ಇಡಬೇಕೆನ್ನಿಸಿತು. ನೆಗಡಿ ಅಂದೆ. ನೆಗಡಿಯಾಗಿರಲಿಲ್ಲ.

ಕೂತಿದ್ದೀಯಾ? ನಾವಿಬ್ಬರೂ ಹೆಸರಿಟ್ಟು ಇಷ್ಟು ವರ್ಷ ಜಗಳವಾಡಿದ ಆ ಆಕಾರ, ನಮ್ಮ ಗಯ್ಯಾಳಿ, ಗೋಳವೇ ಕಣೋ.

ಹೇಗಾಯಿತೆಂದು ಹೇಳುತ್ತೇನೆ. ನನ್ನ ವಿದ್ಯಾರ್ಥಿನಿ, ನಾವು ಪಿಸುಮಾತು ಅಂತ ಹೆಸರಿಟ್ಟವಳು, ನಿನಗೆ ನೆನಪಿರಬೇಕು. ನಮ್ಮ ಮನೆಗೆ ಬಂದಾಗ ಅವಳು ಕೇಳಿದ್ದು ನೀರನ್ನೋ ಟೀಯನ್ನೋ ಎಂದು ತಿಳಿಯದೆ ನೀನು ಎರಡನ್ನೂ ತಂದಿಟ್ಟಿದ್ದೆ. ಆ ಹುಡುಗಿ ಕೆಲವು ವಾರಗಳಿಂದ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಕಾರಿಡಾರಿನಲ್ಲಿ ನಾನು ಈ ಕಡೆಯಿಂದ ಬಂದರೆ ಅವಳು ಆ ಕಡೆಯ ಮೆಟ್ಟಿಲು ಹಿಡಿಯುತ್ತಿದ್ದಳು. ಮನೆಯಲ್ಲಿ ಮದುವೆಗೆ ಒತ್ತಾಯವಿರಬೇಕು, ಸಂಶೋಧನೆ ಬಿಡುವ ಯೋಚನೆಯಿರಬೇಕು ಅಂದುಕೊಂಡೆ. ಕೊನೆಗೆ ಗ್ರಂಥಾಲಯದ ಬಾಗಿಲಲ್ಲಿ ಅಡ್ಡ ನಿಂತು ಹಿಡಿದೆ.

"ಬಿಟ್ಟು ಹೋಗ್ತೀಯೇನೇ?" ಅಂದೆ.

"ಇಲ್ಲ ಮೇಡಂ. ನೀವೇ ನನ್ನ ಬಿಡ್ತೀರೇನೋ ಅಂತ," ಅಂದಳು. ಅಷ್ಟು ಹೇಳುವುದರೊಳಗೆ ಅಳು.

ನನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಅವಳು ಬೋರ್ಡಿನ ಮೇಲೆ ಗಯ್ಯಾಳಿಯ ಚಿತ್ರ ಬರೆದಳು, ನಾವು ಬರೆಯುವ ಹಾಗೆಯೇ, ಆ ಹೆಣೆದುಕೊಂಡ ಕುಣಿಕೆಗಳು, ಆ ಎಡಗಡೆಯ ಹಾಳು ಗಂಟು. ಆಮೇಲೆ ಒಂದು ಮೂಲೆಯಲ್ಲಿ ಪುಟ್ಟದೊಂದು ವೃತ್ತ ಬರೆದಳು, ಯಾವುದಕ್ಕೂ ಅಂಟಿಕೊಳ್ಳದೆ ಒಂಟಿಯಾಗಿ ನಿಂತದ್ದು. ಆ ವೃತ್ತವೆಂದರೆ ಆಕಾರಕ್ಕೆ ಒಂದು ಜೋಡಿ ಹಿಡಿಕೆ ಹೊಸದಾಗಿ ಅಂಟಿಸುವುದು. ಒಂದನ್ನೊಂದು ಅವೇ ಹೊಡೆದುಹಾಕುವುದರಿಂದ ಆಕಾರ ಬದಲಾಗುವುದಿಲ್ಲ. ನಾವಿಬ್ಬರೂ ಇಷ್ಟು ವರ್ಷ ಮಾಡಿದ್ದೇನು? ಇದನ್ನು ತೆಗೆ, ಅದನ್ನು ತೆಗೆ, ಕಡಿಮೆ ಮಾಡು, ಇನ್ನೂ ಕಡಿಮೆ ಮಾಡು. ಬಿಚ್ಚಬೇಕಾದರೆ ಮೊದಲು ಸೇರಿಸಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ಅವಳು ಆ ವೃತ್ತವನ್ನು ಗಂಟಿನ ಮೇಲೆ ಜಾರಿಸಿದಳು. ಒಂದು ಎಳೆ ಸಡಿಲವಾಯಿತು. ಮುಂದಿನದು ನನಗೆ ಕಂಡಿತು. ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಉಳಿದದ್ದನ್ನು ನಾನೇ ಬಿಚ್ಚಿದೆ. ಬೋರ್ಡಿನ ಮೇಲೆ ಕೊನೆಗೆ ಏನೂ ಉಳಿಯಲಿಲ್ಲ. ನಮ್ಮ ಲೆಕ್ಕದಲ್ಲಿ ಬೋಳು ಬೋರ್ಡು ಅಂದರೆ ಗೋಳ.

"ನಂದೇ ಎಲ್ಲೋ ತಪ್ಪಾಗಿರ್ಲಿ ಅಂತ ದಿನಾ ನೋಡ್ತಿದ್ದೆ ಮೇಡಂ. ಸಿಗ್ಲಿಲ್ಲ," ಅಂದಳು.

"ತಪ್ಪಿದ್ರೆ ತಾನೇ ಸಿಗೋದು. ಕಣ್ಣು ಒರೆಸ್ಕೊ. ಇಷ್ಟು ಚೆಂದದ್ದು ಮಾಡಿ ಯಾರಾದ್ರೂ ಅಳ್ತಾರಾ?" ಅಂದೆ. ಬಾಯಿ ಹಾಗಂದಿತು. ಕುರ್ಚಿ ಎಳೆದುಕೊಂಡು ಕೂತೆ. ಅವಳು ನನ್ನ ಬಾಟಲಿಯ ನೀರನ್ನು ಮುಚ್ಚಳ ತೆಗೆದು ಕೈಗಿತ್ತಳು.

ಮನೆಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತು ಹೊಲಿಯುತ್ತಿದ್ದರು. ನನ್ನ ಮುಖ ನೋಡಿ ಕತ್ತರಿ ಕೆಳಗಿಟ್ಟರು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಅತ್ತೆ. ಗಯ್ಯಾಳಿ..."

ಆ ಹೆಸರನ್ನು ಮೊದಲ ಸಲ ಕೇಳಿದಾಗ ತಮ್ಮನ್ನೇ ಅಂದದ್ದೆಂದುಕೊಂಡು ಊಟ ಬಿಟ್ಟವರಲ್ಲವೇ ಅವರು! ಈ ಸಲ ಮಾತ್ರ, "ಇಷ್ಟು ವರ್ಷ ಕೇಳಿದ್ದಾಯ್ತು, ಇವತ್ತಾದ್ರೂ ಅದೇನು ಅಂತ ನೆಟ್ಟಗೆ ಹೇಳು" ಅಂದರು. ಮೇಜಿನ ಮೇಲಿದ್ದ ನಿಂಬೆಹಣ್ಣಿಗೆ ಅವರ ದಾರವನ್ನೇ ಸುತ್ತಿ ಎಳೆದೆ, ಜಾರಿ ಕೈಗೆ ಬಂತು. ಅದೇ ದಾರವನ್ನು ಕತ್ತರಿಯ ಹಿಡಿಯೊಳಗೆ ತೂರಿಸಿ ಕಟ್ಟಿ ಎಳೆದೆ, ಬರಲಿಲ್ಲ. "ಗಯ್ಯಾಳಿ ಮೇಲೆ ಎಲ್ಲಿ ದಾರ ಸುತ್ತಿದ್ರೂ ಜಾರಿ ಬರತ್ತೆ ಅತ್ತೆ, ನಿಂಬೆಹಣ್ಣಿನ ಹಾಗೇ. ಎಲ್ಲಾ ಲಕ್ಷಣನೂ ದುಂಡನೆಯದ್ದೇ. ಆದ್ರೂ ಅದು ದುಂಡಗಿಲ್ಲ, ಒಳಗೊಳಗೇ ಏನೋ ಬೇರೆ ಇದೆ ಅಂತ ನಾವು ನಂಬಿದ್ವಿ. ಮೂರು ಆಯಾಮದಲ್ಲಿ ಹಾಗಾಗಲ್ಲ ಅಂತ ಗೊತ್ತಾಗಿದೆ. ಗಯ್ಯಾಳಿ ಇರೋ ನಾಲ್ಕರಲ್ಲಿ ಆಗತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ."

"ನಾಲ್ಕು ಆಯಾಮ ನೀನು ನೋಡಿದ್ದೀಯಾ?"

"ನೋಡೋಕಾಗಲ್ಲ ಅತ್ತೆ."

"ನೋಡೋಕೇ ಆಗ್ದೇ ಇರೋದಕ್ಕೆ ನೀವಿಬ್ರೂ ಇಷ್ಟು ಜಗಳ ಆಡಿದ್ರಾ!" ಅಂದವರು ಕತ್ತರಿಯಿಂದ ದಾರ ಬಿಚ್ಚಿಕೊಂಡರು. ಆಮೇಲೆ, "ಅವನಿಗೆ ಹೇಳಿದ್ಯಾ?" ಅಂದರು. ಇಲ್ಲ ಅಂದೆ. "ಫೋನಲ್ಲಿ ಹೇಳ್ಬೇಡ. ಅವನು ಒಬ್ನೇ ಇರ್ತಾನೆ, ಫೋನ್ ಇಟ್ಟ ಮೇಲೆ ಮನೇಲಿ ಯಾರೂ ಇರಲ್ಲ. ಕಾಗದ ಬರಿ. ಕಾಗದ ಆದ್ರೆ ಬೇಕಾದಾಗ ಮಡಚಿಡಬಹುದು."

ಅದಕ್ಕೇ ಬರೆಯುತ್ತಿದ್ದೇನೆ. ಅವಳ ಚಿತ್ರಗಳ ನಕಲು ಇದರ ಜೊತೆಗಿದೆ, ನೀನೇ ನೋಡು. ಪ್ರಬಂಧಕ್ಕೆ ನಮ್ಮಿಬ್ಬರ ಹೆಸರೂ ಸೇರಲಿ ಅಂತ ಹುಡುಗಿ ಹಠ ಹಿಡಿದಿದ್ದಾಳೆ. ಬೇಡ ಅಂದಿದ್ದೇನೆ. ನೀನೂ ಬೇಡ ಅನ್ನುತ್ತೀಯೆಂದು ನಿನ್ನ ಪರವಾಗಿಯೂ ಹೇಳಿಬಿಟ್ಟಿದ್ದೇನೆ. ಬೇರೆಯಾದ ಮೇಲೂ ನಿನ್ನ ಪರವಾಗಿ ಮಾತಾಡುವ ಚಾಳಿ ಹೋಗಿಲ್ಲ. ನಿನ್ನ ಉಪನ್ಯಾಸದ ಗತಿಯೇನೆಂದು ಮಾತ್ರ ನನಗೆ ತೋಚುತ್ತಿಲ್ಲ. ಹೇಳಿಕೊಡುವಷ್ಟು ದೊಡ್ಡವಳೂ ನಾನಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಗೊಣಗಮ್ಮ


ಮೇ ೨೯

ಪ್ರೀತಿಯ ಮೊಂಡನಿಗೆ,

ನೀನು ಹೋದ ಮೇಲೆ ಬರೆಯಬೇಕೆಂದು ದಿನಾ ಅಂದುಕೊಂಡೆ. ಪರೀಕ್ಷೆ, ಮೌಲ್ಯಮಾಪನ, ಅತ್ತೆಯ ಹಲ್ಲು ಕೀಳಿಸಿದ್ದು, ಹೀಗೆ ಏನೇನೋ ಅಡ್ಡ ಬಂದವು ಅನ್ನಬಹುದು. ನಿಜ ಹೇಳಬೇಕೆಂದರೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಕ್ಷಮಿಸು.

ಮೊದಲು ಸಂತೋಷದ ಸುದ್ದಿ. ಪಿಸುಮಾತಿನ ಪ್ರಬಂಧ ಒಪ್ಪಿತವಾಗಿದೆ. ಸಮ್ಮೇಳನದಲ್ಲಿ ಅವಳನ್ನು ಕೇಳಿದ ಒಬ್ಬರು ತಮ್ಮ ವಿಶ್ವವಿದ್ಯಾಲಯಕ್ಕೆ ಕರೆದಿದ್ದಾರೆ, ಬರುವ ವರ್ಷ ಹೋಗುತ್ತಾಳೆ. ಅವಳ ಅಮ್ಮ ಬಂದು ನನ್ನ ಕೈ ಹಿಡಿದುಕೊಂಡು, "ನಮ್ ಹುಡುಗಿ ಇಷ್ಟು ಜನರ ಮುಂದೆ ಮಾತಾಡಿದ್ಳಾ? ಮನೇಲಿ ಉಪ್ಪು ಬೇಕು ಅಂತ ಕೇಳೋಕೂ ಬರೀ ಕೈ ತೋರಿಸ್ತಾಳೆ" ಅಂದರು.

ಸಮ್ಮೇಳನದಲ್ಲಿ ನಿನ್ನ ಉಪನ್ಯಾಸದ ಸಮಯವನ್ನು ಅವಳಿಗೆ ಬಿಟ್ಟುಕೊಡುತ್ತೀಯೆಂದು ನಾನು ಅಂದುಕೊಂಡಿರಲಿಲ್ಲ. ಉಪನ್ಯಾಸ ರದ್ದು ಮಾಡಿಕೊಂಡು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂರುತ್ತೀಯೇನೋ ಎಂದು ಹೆದರಿದ್ದೆ. ನೀನು ವೇದಿಕೆ ಹತ್ತಿದಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀನು ಮೈಕು ಹಿಡಿದು, "ಇಷ್ಟು ವರ್ಷ ಯಾವುದನ್ನ ಗೋಳ ಅಲ್ಲ ಅಂತ ನಿಮ್ಮೆದುರು ವಾದ ಮಾಡಿದ್ನೋ, ಅದು ಗೋಳವೇ ಅಂತ ಇವರು ತೋರಿಸ್ತಾರೆ. ನಾನು ಒಂದೊಂದು ಗೆರೆನೂ ನೋಡಿದ್ದೀನಿ, ಸರಿಯಾಗಿದೆ. ಇವರ ದನಿ ಸಣ್ಣದು, ಎಲ್ಲರೂ ಮುಂದೆ ಬಂದು ಕೂತ್ಕೊಳ್ಳಿ" ಅಂದೆಯಲ್ಲ, ಆ ದೊಡ್ಡ ದೊಡ್ಡ ಪಂಡಿತರೆಲ್ಲ ಶಾಲೆಯ ಮಕ್ಕಳ ಹಾಗೆ ಕುರ್ಚಿ ಎತ್ತಿಕೊಂಡು ಮುಂದೆ ಸರಿದರು. ನಾನೂ ಎತ್ತಿಕೊಂಡು ಸರಿದೆ. ಪಕ್ಕದವರು "ಇವರು ಯಾರು ನಿಮಗೆ ಗೊತ್ತಾ?" ಅಂತ ನಿನ್ನ ಕಡೆ ಕೈ ತೋರಿಸಿದರು. ಗೊತ್ತು ಅಂದೆ.

ಆಮೇಲೆ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ನಿನಗೆ ಬಡಿಸುತ್ತಲೇ ಇದ್ದರು. ನೀನೂ ಬೇಡವೆನ್ನದೆ ತಿನ್ನುತ್ತಲೇ ಇದ್ದೆ. ನೀನು ಹೋದ ಮೇಲೆ ಅವರು, "ಸೋತು ಬಂದಾಗ ಚಿಕ್ಕಂದಿನಲ್ಲೂ ಹೀಗೇ ತಿಂತಿದ್ದ" ಅಂದರು. ಸೋತಿಲ್ಲ ಅತ್ತೆ, ಅವನಷ್ಟು ದೊಡ್ಡದಾಗಿ ಯಾರೂ ಗೆದ್ದಿಲ್ಲ ಅಂದೆ. "ಅದನ್ನ ಅವನಿಗೆ ಹೇಳಿದ್ಯಾ?" ಅಂದರು. ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಸ್ಟೇಷನ್ನಿನಲ್ಲಿ ರೈಲು ತಡವಾಯಿತಲ್ಲ, ಆ ಬೆಂಚಿನ ಮೇಲೆ ಕೂತು ನಾವು ಸೆಖೆಯ ಬಗ್ಗೆ ಮಾತಾಡಿದೆವು. ಈ ವರ್ಷ ಜಾಸ್ತಿ ಅಂದೆ ನೀನು. ಹೋದ ವರ್ಷಕ್ಕಿಂತ ಜಾಸ್ತಿ ಅಂದೆ ನಾನು. ಆಮೇಲೆ ಇಬ್ಬರೂ ಹಳಿ ನೋಡಿದೆವು. ಮದುವೆಯಾಗಿದ್ದಷ್ಟು ಕಾಲ ನಾವು ಒಮ್ಮೆಯೂ ಸೆಖೆಯ ಬಗ್ಗೆ ಮಾತಾಡಿದ ನೆನಪು ನನಗಿಲ್ಲ.

ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ. ಅವರು ಹೊಲಿದುಕೊಟ್ಟ ಹೊಸ ಅಂಗಿಯ ಕಾಲರು ಹಿಡಿಯುತ್ತಿದ್ದರೆ ಕಳಿಸು, ಸಡಿಲ ಮಾಡಿಕೊಡುತ್ತಾರಂತೆ. ಒಳ್ಳೆಯದಾಗಲಿ ನಿನಗೆ. ಮೈ ಚೆನ್ನಾಗಿ ನೋಡಿಕೊ.

ಇಂತಿ,
ಗೊಣಗಮ್ಮ

ಮರೆತಿದ್ದೆ: ನಾವು ಬೇರೆಯಾದಾಗ ಮನೆ ಒಬ್ಬರಿಗೆ, ಪುಸ್ತಕ ಅರ್ಧರ್ಧ, ಪಾತ್ರೆ ಅರ್ಧರ್ಧ ಮಾಡಿಕೊಂಡೆವು. ನಿನ್ನ ಅಮ್ಮನನ್ನು ಕೇಳಿದರೆ "ಅವನ ಮನೇಲಿ ಲಿಫ್ಟಿಲ್ಲ" ಅಂತ ಇಲ್ಲೇ ಉಳಿದರು. ಗಯ್ಯಾಳಿಯನ್ನು ಮಾತ್ರ ಹಂಚಿಕೊಳ್ಳಲಾಗಲಿಲ್ಲ, ಅದಕ್ಕೇ ಭಾನುವಾರದ ಫೋನು ಶುರುವಾಯಿತು. ಆಗ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ ಅಂತ ನಿನ್ನ ಕಡೆಯವರೂ ನನ್ನ ಕಡೆಯವರೂ ಗಟ್ಟಿಗಿತ್ತಿ ಅಂದರು, ಕಲ್ಲು ಅಂದರು. ಕಲ್ಲೂ ಅಲ್ಲ, ಗಟ್ಟಿಗಿತ್ತಿಯೂ ಅಲ್ಲ. ವಾರವಾರ ನಿನ್ನ ದನಿ ಬರುತ್ತಿತ್ತು, ನೀನು ಜಗಳವಾಡುತ್ತಿದ್ದೆ, ನಾನು ಗೊಣಗುತ್ತಿದ್ದೆ. ನೀನು ಬಿಟ್ಟು ಹೋಗಿದ್ದೀಯೆಂದು ನನಗೆ ಗೊತ್ತೇ ಆಗಿರಲಿಲ್ಲ ಕಣೋ. ಜಗಳಕ್ಕೆ ಗಯ್ಯಾಳಿಯೂ ಉಳಿಯದೆ ನೀನು ಫೋನ್ ಮಾಡದ ಮೊದಲ ಭಾನುವಾರ, ಬೆಳಿಗ್ಗೆ ಅತ್ತೆಯ ಮುಂದೆಯೇ ಅತ್ತಾಗ, ಗೊತ್ತಾಯಿತು.