ಟ್ಯೂಬ್ ಇಲ್ಲದ ಗಾಲಿ

ಬೆಟಗೇರಿ
18 ಜನವರಿ 2026, ಭಾನುವಾರ

ಚಿರಂಜೀವಿ ಹೊನ್ನೇಶ,

ನಿನ್ನ ಮಾವ ಸಿದ್ದಲಿಂಗೇಶನ ಆಶೀರ್ವಾದಗಳು. ಇದರಲ್ಲಿ ನಿನ್ನ ಅತ್ತೆ ಅನ್ನಪೂರ್ಣಳ ಪಾಲೂ ಇದೆ. ಆಕೆಯ ಕೈ ಸದ್ಯ ಜೋಳದ ಹಿಟ್ಟಿನಲ್ಲಿರುವುದರಿಂದ ಸಹಿ ಮಾತ್ರ ನನ್ನದೊಂದೇ.

ನನ್ನ ಸೈಕಲ್ಲಿಗೆ ಹಾಕಿಸಬೇಕೆಂದಿರುವ ಬೇರೆ ಗಾಲಿಗಳ ಫೋಟೋ ಕಳಿಸಿ "ಏನ್ ಮಾಡೂಣು ಮಾವಾ?" ಎಂದು ನೀನು ಕೇಳಿ ಬಹಳ ದಿನವಾಯಿತು. ತಡಕ್ಕೆ ಬೇಸರಪಡಬೇಡ. ಕಾಲೇಜಿನಿಂದ ಉತ್ತರಪತ್ರಿಕೆಗಳ ಗಂಟು ಬಂದಿತ್ತು. ಊರವರ ಮಕ್ಕಳ ಉತ್ತರ ತಿದ್ದುತ್ತ ನನ್ನ ಉತ್ತರ ಹಿಂದೆ ಬಿತ್ತು. ಕಣ್ಣು ದಣಿದಿವೆ, ಮೊಣಕಾಲು ದಣಿದಿವೆ, ಇತ್ತೀಚೆಗೆ ಹಾಸ್ಯವೂ ಕೂತು ಕೂತು ಏಳುತ್ತದೆ. ಫೋನಿನಲ್ಲಿ ಹೇಳಬಹುದಿತ್ತು, ಖರೆ. ಆದರೆ ಫೋನ್ ಹಿಡಿದರೆ ನಾವಿಬ್ಬರೂ ಟೈರಿನಲ್ಲಿ ಗಾಳಿ ಎಷ್ಟಿರಬೇಕು ಎಂದು ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ.

ನೀನು ಮುಂಡರಗಿ ಕಡೆ ಗಾಳಿಯಂತ್ರ ನೋಡಿಕೊಂಡು ಗಾಳಿಯಿಂದ ಉಣ್ಣುವವನು. ನಾನು ತರಗತಿಯಲ್ಲಿ ಗಾಳಿಮಾತಾಡಿ ಉಂಡವನು. ಗಾಳಿಯ ಮಂದಿ ಗಾಲಿಯ ತೀರ್ಮಾನ ಮಾಡುವುದು ಸರಿಯಲ್ಲವೆಂದು ಊರಿನ ಅಭಿಪ್ರಾಯ ಕೇಳಿದೆ. ನಮ್ಮ ಭೌತಶಾಸ್ತ್ರದ ಪ್ರೊಫೆಸರರು ಸ್ಟಾಫ್ ರೂಮಿನಲ್ಲಿ ಚಿತ್ರ ಬರೆದು, ಗಾಲಿ ಹಗುರಾದರೆ ಏರು ಹೇಗೆ ಸುಲಭವಾಗುತ್ತದೆ ಎಂದು ವಿವರಿಸಿದರು. ಕೊನೆಗೆ ಚಹಾ ಆರಿತು. ನನಗೆ ಅರ್ಥವಾದದ್ದು ಅದೊಂದೇ. ಓಣಿಯ ಸೈಕಲ್ ಅಂಗಡಿಯ ಮೌಲಾಸಾಬ, ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಸೈಕಲ್ಲಿನ ಸುತ್ತ ತಿರುಗಿ ಹಲ್ಲನ್ನೂ ನೋಡಿದ, ಗೇರಿಗೆ ಹಲ್ಲಿರುತ್ತವಲ್ಲ. "ಹೊಸಾ ಸೈಕಲ್ಲಿಗೆ ಗಾಲಿ ಬದಲಿ ಮಾಡೂದಂದ್ರ, ಮದುಮಗನ್ನ ಮಂಟಪಕ್ಕ ಕರಕೊಂಡು ಬಂದು ಕಾಲು ಬದಲಿ ಮಾಡಿದಂಗ್ರಿ ಸರ್" ಎಂದ. ಮರುದಿನ ಅವನೇ ಬಂದು, ಬದಲಿ ಮಾಡುವುದೇ ಆದರೆ ತನ್ನ ಅಂಗಡಿಯಿಂದ ತರಿಸಿದರೆ ಚಲೋ ಎಂದು ಕಿವಿಯಲ್ಲಿ ಹೇಳಿ ಹೋದ. ನಿನ್ನ ಅತ್ತೆ ಮಾತ್ರ ರೊಟ್ಟಿ ತಟ್ಟುತ್ತಲೇ, "ಈಗಿದ್ದ ಗಾಲಿ ಏನ್ ಚೌಕ ಅದಾವೇನು?" ಎಂದು ಕೇಳಿ ಚರ್ಚೆ ಮುಗಿಸಿದಳು.

ನನಗೆ ಆಸೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಗಾಲಿಗಳಲ್ಲಿ ಟ್ಯೂಬೇ ಇಲ್ಲ, ಒಳಗೆ ಹಾಲಿನಂಥ ಅಂಟು ಇರುತ್ತದೆ, ಮುಳ್ಳು ಚುಚ್ಚಿದ ಕೂಡಲೇ ಅಂಟು ಓಡಿಬಂದು ತೂತು ಮುಚ್ಚುತ್ತದೆ, ಸವಾರನಿಗೆ ಚುಚ್ಚಿದ್ದೇ ತಿಳಿಯುವುದಿಲ್ಲ ಎಂದೆಲ್ಲ ನೀನು ಬರೆದಿದ್ದೆ. ಜಾಲಿ ಮುಳ್ಳು, ನೆಗ್ಗಿಲು ಮುಳ್ಳುಗಳ ನಮ್ಮ ಸೀಮೆಗೆ ಇದಕ್ಕಿಂತ ಏನು ಬೇಕು? ಹೂಂ ಎಂದು ಬರೆಯಲು ಬೆರಳು ಎತ್ತಿದ್ದೆ. ಆಗ ನಿನ್ನ ಕೊನೆಯ ಸಾಲು ಕಂಡಿತು: "ಇವು ಹಾಕಿದ್ರ ನೀವು ಒಬ್ಬರ ಹೋದ್ರೂ ಚಿಂತಿಲ್ಲ ಮಾವಾ."

ಬೆರಳು ಅಲ್ಲೇ ನಿಂತಿತು. ನಾನು ಒಬ್ಬನೇ ಎಲ್ಲಿಗೆ ಹೋಗಲಪ್ಪ?

ನಮ್ಮ ಅಂಕಿತಾ ಡೆಂಗಿ ಜ್ವರದಲ್ಲಿ ತೀರಿಕೊಂಡಾಗ, ಮಗಳೇ ಇಲ್ಲದ ಮೇಲೆ ಅಳಿಯನ ಬರುಹೋಗು ಎಷ್ಟು ದಿನ ಎಂದು ನೆಂಟರು ಮಾತಾಡಿಕೊಂಡಿದ್ದರು. ಕಾರ್ಯಗಳೆಲ್ಲ ಮುಗಿದ ಮುಂದಿನ ಭಾನುವಾರ ನೀನು ಮುಂಡರಗಿಯ ಮೊದಲ ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಏರಿಸಿಕೊಂಡು ಬಂದು, ಬಾಗಿಲಲ್ಲಿ ನಿಂತು, "ಅತ್ತೀ, ಚಾ ಇಡ್ರಿ, ಮಾವನ್ನ ಎಬ್ಬಸ್ರಿ" ಎಂದು ಕೂಗಿದೆ. ಸತ್ತ ಮನೆಯಲ್ಲಿ ಅಷ್ಟು ಗಟ್ಟಿ ದನಿ ಅದೇ ಮೊದಲು. ನಾನು ನನ್ನ ಹಳೆಯ ಕರಿ ಸೈಕಲ್ ಹೊರಗೆ ತೆಗೆದೆ. ಹಿರೇಹಂದಿಗೋಳದ ದಾರಿಯ ಮೊದಲ ಏರಿನಲ್ಲೇ ನೀನು ನನಗೆ "ನೀನು" ಆದೆ. ಅಲ್ಲಿಯ ತನಕ ಅಳಿಯಂದಿರು, ಬರ್ರಿ, ಕುಂಡ್ರಿ ಎನ್ನುತ್ತಿದ್ದವನು ನಾನು. ಏದುಸಿರಿನಲ್ಲಿ ಬಹುವಚನ ಸಾಗುವುದಿಲ್ಲ.

ದೀಪಾವಳಿಗೆ ಮಾವ ಅಳಿಯನಿಗೆ ಕೊಡುವುದು ರೂಢಿ. ನೀನು ಅದನ್ನು ತಿರುವುಮುರುವು ಮಾಡಿ ಈ ಹೊಸ ಮೌಂಟೇನ್ ಬೈಕ್ ತಂದು ನಿಲ್ಲಿಸಿದೆ. ಬೆಟಗೇರಿಯಲ್ಲಿ ಮೌಂಟೇನ್ ಎಲ್ಲಿದೆ ಎಂದು ನಿನ್ನ ಅತ್ತೆ ಕೇಳಿದಾಗ ನಾನು ನನ್ನ ಹೊಟ್ಟೆ ತೋರಿಸಿದೆ. ಬಹಳ ದಿನಗಳ ಮೇಲೆ ಆಕೆ ನಕ್ಕದ್ದು ಅಂದು.

ನಮ್ಮ ಸವಾರಿಯ ರೀತಿ ನಿನಗೂ ಗೊತ್ತು. ಗಾಲಿ ತಿರುಗುವಾಗ ಮಾತಿಲ್ಲ. ನೀನು ಮುಂದೆ, ನಾನು ಹಿಂದೆ. ಮಾತಾಡಿದ್ದೆಲ್ಲ ಪಂಕ್ಚರ್ ಆದಾಗ. ಹೋದ ವರ್ಷ ಲಕ್ಷ್ಮೇಶ್ವರದ ದಾರಿಯಲ್ಲಿ, ಕುಸುಬಿ ಹೊಲದ ಬದುವಿನ ಮೇಲೆ ಕುಳಿತು, ನೀನು ಟ್ಯೂಬನ್ನು ಕಾಲುವೆಯ ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದೆ. ನನ್ನ ಕಡೆ ನೋಡದೆಯೇ, ಆಸ್ಪತ್ರೆಯಲ್ಲಿ ಅಂಕಿತಾ ಕೊನೆಗೆ ನಿನಗೆ ಹೇಳಿದ್ದನ್ನು ಹೇಳಿದೆ: "ಅಪ್ಪಾಗ ಈಗ ಒಳಗ ಬರಾಕ ಹೇಳಬ್ಯಾಡ್ರಿ. ನಗಸಾಕ ನೋಡ್ತಾನ. ನನಗ ನಗಾಕ ತ್ರಾಣ ಇಲ್ಲ."

ಅದನ್ನು ಕೇಳಿ ನನಗೆ ನಗು ಬಂತು. ಆಮೇಲೆ ಬಂದದ್ದು ನಗುವಲ್ಲ. ನೀನು ತೂತಿನ ಮೇಲೆ ಪ್ಯಾಚ್ ಒತ್ತಿ ಹಿಡಿದವನು ಹಾಗೆಯೇ ಹಿಡಿದುಕೊಂಡಿದ್ದೆ, ಅದು ಅಂಟಿ ಎಷ್ಟೋ ಹೊತ್ತಾಗಿದ್ದರೂ. ಆಕೆ ನನ್ನನ್ನು ಯಾಕೆ ಕರೆಯಲಿಲ್ಲ ಎಂಬುದು ಅಷ್ಟು ದಿನ ನನ್ನನ್ನು ತಿನ್ನುತ್ತಿತ್ತು, ಹೊನ್ನೇಶ. ತಾನೇ ಮುಚ್ಚಿಕೊಳ್ಳುವ ಗಾಲಿ ಇದ್ದಿದ್ದರೆ ಆ ಹೊಲದ ಹತ್ತಿರ ನಾವು ನಿಲ್ಲುತ್ತಲೇ ಇರಲಿಲ್ಲ.

ಆದ್ದರಿಂದ ಗಾಲಿ ಬೇಡ. ಇದ್ದವೇ ಇರಲಿ. ತೂಕ ಹೆಚ್ಚು, ನಿಜ. ತುಳಿಯುವವನದೂ ಹಾಗೆಯೇ ಇದೆ. ಗಾಲಿ ಕೊಳ್ಳುತ್ತೇನೆಂದು ನೀನು ಮಾತು ಕೊಟ್ಟ ಅಂಗಡಿಯವನು ಬೇಸರಪಟ್ಟರೆ, ಮುದುಕ ಹಟಮಾರಿ ಎಂದು ನನ್ನ ಮೇಲೆ ಹಾಕು.

ಇನ್ನೊಂದು. ಹೋದ ತಿಂಗಳು ಎಳ್ಳಮಾವಾಸ್ಯೆಗೆ ಬಂದಾಗ ನೀನು ಕಾಲಿಂಗ್ ಬೆಲ್ ಒತ್ತಿದೆ. ಆ ಬೆಲ್ ನಮ್ಮ ಮನೆಯಲ್ಲಿ ಕೊರಿಯರಿನವರಿಗೆ ಮೀಸಲು; ನಿನ್ನ ಅತ್ತೆ ಸಹಿ ಮಾಡಲು ಪೆನ್ನು ಹಿಡಿದುಕೊಂಡೇ ಬಾಗಿಲು ತೆಗೆದಳು. ನೀನು ಚಹಾ ಅರ್ಧ ಕುಡಿದು, ಕೆಲಸ ಐತಿ ಎಂದು ಎದ್ದೆ. ಆಮೇಲೆ ಭಾನುವಾರಗಳು ಬಂದವು, ನೀನು ಬರಲಿಲ್ಲ. ಇವತ್ತು ಮುಂಜಾನೆ ನಾನೊಬ್ಬನೇ ಹೊರಟು ಹಿರೇಹಂದಿಗೋಳದ ಅರ್ಧ ದಾರಿಯಲ್ಲಿ ಪಂಕ್ಚರ್ ಮಾಡಿಕೊಂಡು, ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಮುಳ್ಳು ಕಣ್ಣಿಗೆ ಕಾಣುವ ಹಾಗೆಯೇ ಇದೆ. ಕಿತ್ತಿಲ್ಲ. ಅದು ನಿನ್ನ ಕೆಲಸ.

ನಿಮ್ಮ ತಾಯಿ ಅಮೃತವ್ವನವರಿಗೆ ನಮಸ್ಕಾರ ಹೇಳು. ಗಾಳಿಯಂತ್ರ ಹತ್ತುವಾಗ ಹಗ್ಗ ಕಟ್ಟಿಕೊಳ್ಳುವುದನ್ನು ಮರೆಯಬೇಡ. ನಿನ್ನ ದಾರಿಯೆಲ್ಲ ಇಳಿಜಾರಾಗಲಿ ಎಂದು ನಾನು ಹರಸುವುದಿಲ್ಲ. ಇಳಿಜಾರಿನಲ್ಲಿ ನೀನು ಬ್ರೇಕ್ ಹಿಡಿಯುವವನಲ್ಲ. ಏರು ಇದ್ದರೆ ಇರಲಿ, ಜೊತೆಗೆ ಯಾರಾದರೂ ಇರಲಿ.

ನಿನ್ನ ಮಾವ,
ಸಿದ್ದಲಿಂಗೇಶ

ತಾ.ಕ.: ಶಿರಹಟ್ಟಿಯ ವಿಷಯ ನಮಗೆ ಗೊತ್ತಾಗಿದೆ. ನಿನ್ನ ಅತ್ತೆಯ ಅಣ್ಣ ಹುಚ್ಚೀರಪ್ಪನವರು ಹೇಳಿದರು: ಹುಡುಗಿಯ ಹೆಸರು ಶೀತಲ್, ಶಾಲೆಯಲ್ಲಿ ಕಲಿಸುತ್ತಾಳೆ, ಎರಡೂ ಮನೆಯವರು ಒಪ್ಪಿದ್ದಾರೆ, "ಬೆಟಗೇರಿಯವರಿಗೆ ಹೆಂಗ ಹೇಳ್ಲಿ" ಎಂದು ನೀನೊಬ್ಬನೇ ಕೂತಿದ್ದೀಯಂತೆ. ಹೂಂ ಅನ್ನು. ಮದುವೆಯ ಮಾತನ್ನು ಗಾಲಿ ಕೊಟ್ಟು ಹೇಳಬೇಕಾಗಿರಲಿಲ್ಲ. ನಮ್ಮ ಮನೆತನದ ರೀತಿಯಲ್ಲಿ, ಎರಡನೆಯದಾಗಿ ಬರುವವಳಿಗೆ ಮೊದಲು ಉಡಿ ತುಂಬುವವಳು ಮೊದಲನೆಯವಳ ತಾಯಿ. ನಿನ್ನ ಅತ್ತೆ ಮಗ್ಗದವರಿಗೆ ಹೇಳಿ ಸೀರೆ ನೇಯಿಸಿದ್ದಾಳೆ. ಹಸಿರು ಒಡಲು, ಕೆಂಪು ಸೆರಗು. ಮಗ್ಗದ ಮನೆಯಲ್ಲಿ ಸೆರಗು ಹಿಡಿದು ನೋಡುವಾಗ ಗಟ್ಟಿಯಾಗಿಯೇ ಇದ್ದಳು. ಬರುವಾಗ ಆಟೋದಲ್ಲಿ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಇನ್ನ ಮ್ಯಾಲೆ ಅಂವ ಆಕಿ ಅಪ್ಪ ಅವ್ವಗ ಮಾವಾ, ಅತ್ತೀ ಅಂತಾನ. ನಮಗ ಏನಂತಾನ?"

ಆಯುಷ್ಯವೆಲ್ಲ ಮಾತಿನಿಂದಲೇ ಬದುಕಿದ ನಾನು ಆಟೋದವನಿಗೆ ನಿಧಾನ ಹೋಗಪ್ಪ ಎಂದೆ.

ಆ ಹುಡುಗಿಯನ್ನು ಕರೆದುಕೊಂಡು ಬಾ. ಬೆಲ್ ಒತ್ತಬೇಡ. ಬಾಗಿಲಲ್ಲಿ ನಿಂತು ಕೂಗು. ನಿನ್ನ ಅತ್ತೆ ಒಳಗೆ ಒಲೆಯ ಮುಂದೆ ನಿಂತಿರುತ್ತಾಳೆ, ಏನಂತ ಕರೆಯುತ್ತೀ ಎಂದು ಕೇಳಿಸಿಕೊಳ್ಳಲು.